ತೆರೆದ ಆಸ್ಪತ್ರೆ, ಮುಚ್ಚಿದ ರಸ್ತೆ: 2020ರ ಲಾಕ್‌ಡೌನ್ ಮತ್ತು ಕಣ್ಣಿನ ತುರ್ತು ಚಿಕಿತ್ಸೆ

2020ರ ಮಾರ್ಚ್ 24ರಂದು ಕೇಂದ್ರ ಗೃಹ ಸಚಿವಾಲಯ ಹೊರಡಿಸಿದ ಲಾಕ್‌ಡೌನ್ ಆದೇಶದಲ್ಲಿ ಆಸ್ಪತ್ರೆಗಳಿಗೆ ವಿನಾಯಿತಿ ಇತ್ತು. ಮೂರೇ ದಿನಕ್ಕೆ ಹೊಲದ ಕೆಲಸಕ್ಕೂ ವಿನಾಯಿತಿ ಸಿಕ್ಕಿತು. ಹೊಲದಿಂದ ಆಸ್ಪತ್ರೆಗೆ ಕರೆದೊಯ್ಯುವ ಬಸ್ಸಿಗೆ ಸಿಗಲಿಲ್ಲ. ಕರ್ನಾಟಕದ ಬಹುತೇಕ ಕಡೆ ಸರ್ಕಾರಿ ಬಸ್ಸುಗಳು ಮತ್ತೆ ರಸ್ತೆಗಿಳಿದದ್ದು ಮೇ 19ರಂದು. ಆ ಕಾಲದ ನೇತ್ರಚಿಕಿತ್ಸೆಯ ಇತಿಹಾಸವನ್ನು ಆಸ್ಪತ್ರೆಯ ರಿಜಿಸ್ಟರಿನಿಂದಲ್ಲ, ಇಲ್ಲಿಂದ ಶುರು ಮಾಡಬೇಕು ಎಂಬುದು ನನ್ನ ವಾದ.

ರಿಜಿಸ್ಟರು ಹೇಳುವುದು ಬರೀ ಇಳಿಕೆಯನ್ನು. ಲಾಕ್‌ಡೌನಿನ ಆರಂಭದ ವಾರಗಳಲ್ಲಿ ದೇಶದ 1,260 ನೇತ್ರತಜ್ಞರನ್ನು ಕೇಳಿದ ಸಮೀಕ್ಷೆಯೊಂದರಲ್ಲಿ ಶೇ. 72ಕ್ಕೂ ಹೆಚ್ಚು ಮಂದಿ ರೋಗಿಗಳನ್ನು ನೋಡುವುದನ್ನೇ ನಿಲ್ಲಿಸಿದ್ದರು. ಅವರ ಭಯಕ್ಕೆ ಕಾರಣವಿತ್ತು. ಕಣ್ಣು ಪರೀಕ್ಷಿಸುವ ಸ್ಲಿಟ್ ಲ್ಯಾಂಪ್ ಯಂತ್ರದ ಆಚೀಚೆ ವೈದ್ಯರ ಮುಖ, ರೋಗಿಯ ಮುಖ ಗೇಣು ದೂರಕ್ಕೆ ಬರುತ್ತವೆ. ವುಹಾನಿನಲ್ಲಿ ಹೊಸ ಸೋಂಕಿನ ಬಗ್ಗೆ ಮೊದಮೊದಲೇ ಎಚ್ಚರಿಸಿ 2020ರ ಫೆಬ್ರವರಿ 7ರಂದು ತೀರಿಕೊಂಡ ಲೀ ವೆನ್‌ಲಿಯಾಂಗ್ ಕೂಡ ಕಣ್ಣಿನ ವೈದ್ಯರೇ. ಪೊರೆಯಂಥ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಿ ತುರ್ತು ಪ್ರಕರಣಗಳನ್ನಷ್ಟೇ ನೋಡಿ ಎಂದು ತಜ್ಞರ ಮಾರ್ಗಸೂಚಿಗಳು ಹೇಳಿದವು.

ಆದರೆ ತುರ್ತು ಯಾವುದು ಎಂದು ಮನೆಯಲ್ಲಿ ಕೂತ ರೋಗಿಗೆ ತಿಳಿಯುವುದು ಹೇಗೆ? ಸುಣ್ಣ ಸಿಡಿದರೆ, ಗ್ಲಾಕೋಮಾದ ಒತ್ತಡ ಒಮ್ಮೆಲೇ ಏರಿದರೆ ನೋವೇ ಹೇಳುತ್ತದೆ. ರೆಟಿನಾ ಕಳಚಿಕೊಳ್ಳುವಾಗ ನೋವಿರುವುದಿಲ್ಲ. ಮೊದಲು ಮಿಂಚಿದಂತೆ, ಕಪ್ಪು ಚುಕ್ಕೆ ತೇಲಿದಂತೆ. ಆಮೇಲೆ ಒಂದು ಪಕ್ಕದಿಂದ ಪರದೆ ಇಳಿದಂತೆ. ನಡುವಿನ ಮ್ಯಾಕ್ಯುಲಾ ಕಳಚುವ ಮೊದಲೇ ಶಸ್ತ್ರಚಿಕಿತ್ಸೆ ನಡೆದರೆ ಓದುವ ದೃಷ್ಟಿ ಬಹುಮಟ್ಟಿಗೆ ಉಳಿಯುತ್ತದೆ. ಅಮೆರಿಕದ ಫಿಲಡೆಲ್ಫಿಯಾದ ಅಧ್ಯಯನವೊಂದು 2019 ಮತ್ತು 2020ರ ಇಂಥ ರೋಗಿಗಳನ್ನು ಹೋಲಿಸಿತು. ಮ್ಯಾಕ್ಯುಲಾ ಇನ್ನೂ ಅಂಟಿಕೊಂಡಿದ್ದಾಗಲೇ ಬಂದವರು ಹಿಂದಿನ ವರ್ಷ ಹೆಚ್ಚುಕಡಿಮೆ ಅರ್ಧದಷ್ಟು, ಲಾಕ್‌ಡೌನಿನಲ್ಲಿ ಕಾಲುಭಾಗದಷ್ಟು. ರೋಗಿಗಳ ಸಂಖ್ಯೆ ಇಳಿದದ್ದಕ್ಕಿಂತ ಬಂದವರ ಸ್ಥಿತಿ ಹೀಗೆ ಕೆಟ್ಟದ್ದೇ ನನಗೆ ಹೆಚ್ಚು ನಂಬಲರ್ಹ ಸಾಕ್ಷ್ಯವಾಗಿ ಕಾಣುತ್ತದೆ.

ಹೇಳಿಕೊಳ್ಳಲಾರದ ಇನ್ನೊಂದು ವರ್ಗ ಅವಧಿಗೆ ಮೊದಲೇ ಹುಟ್ಟಿದ ಶಿಶುಗಳದು. ಇವುಗಳ ರೆಟಿನಾವನ್ನು ಹುಟ್ಟಿದ 30 ದಿನದೊಳಗೆ, ತೀರಾ ಸಣ್ಣ ಕೂಸಾದರೆ ಇನ್ನೂ ಬೇಗ, ಪರೀಕ್ಷಿಸಬೇಕು. ಆರ್‌ಒಪಿ (ಅವಧಿಗೆ ಮೊದಲೇ ಹುಟ್ಟಿದ ಶಿಶುಗಳ ರೆಟಿನಾ ರೋಗ) ಚಿಕಿತ್ಸೆಯ ಹಂತ ಮುಟ್ಟಿದ್ದರೆ ಎರಡು ಮೂರು ದಿನದಲ್ಲಿ ಲೇಸರ್ ಆಗಬೇಕು. ಬೆಂಗಳೂರಿನ ನಾರಾಯಣ ನೇತ್ರಾಲಯದ ಕಿಡ್‌ರಾಪ್ ಯೋಜನೆ 2008ರಿಂದ ಈ ಕೆಲಸವನ್ನು ತಿರುವುಮುರುವು ಮಾಡಿತ್ತು: ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಶಿಶು ಘಟಕಗಳಿಗೆ ಹೋಗುತ್ತಾರೆ, ಚಿತ್ರ ತಜ್ಞರಿಗೆ ತಲುಪುತ್ತದೆ. ಆದರೆ ಮನೆಗೆ ಹೋದ ಕೂಸನ್ನು ಮತ್ತೆ ತೋರಿಸಲು ತಾಯಿ ರಸ್ತೆಗಿಳಿಯಲೇಬೇಕು. ಯೋಜನೆಯ ರೂವಾರಿ ಆನಂದ್ ವಿನೇಕರ್ ಮತ್ತು ಸಂಗಡಿಗರು 2020ರಲ್ಲಿ ಕೋವಿಡ್ ಕಾಲದ ಆರ್‌ಒಪಿ ತಪಾಸಣೆಗೆಂದೇ ಪ್ರತ್ಯೇಕ ಮಾರ್ಗಸೂಚಿ ಪ್ರಕಟಿಸಿದರು.

ಮುಂಜಾಗ್ರತೆಯೇ ಹೊಸ ಗಾಯ ತಂದದ್ದೂ ಉಂಟು. ಫ್ರಾನ್ಸಿನ ವಿಷ ನಿಯಂತ್ರಣ ಕೇಂದ್ರಗಳಿಗೆ ಬಂದ ಮಕ್ಕಳ ಕಣ್ಣಿನ ಪ್ರಕರಣಗಳಲ್ಲಿ ಸ್ಯಾನಿಟೈಸರಿನ ಪಾಲು 2019ರಲ್ಲಿ ಶೇ. 1.3 ಇದ್ದದ್ದು 2020ರ ಅದೇ ತಿಂಗಳುಗಳಲ್ಲಿ ಶೇ. 9.9ಕ್ಕೇರಿತು. ದೊಡ್ಡವರ ಸೊಂಟದ ಎತ್ತರಕ್ಕೆ ಇಟ್ಟ ಯಂತ್ರ ಮಗುವಿನ ಮುಖಕ್ಕೆ ನೇರ ಬರುತ್ತದೆಂದು ಯಾರೂ ಯೋಚಿಸಿರಲಿಲ್ಲ.

ಹೊಲಕ್ಕೆ ಮರಳುವುದಾದರೆ, ಏಪ್ರಿಲ್ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಬೇಸಿಗೆ ಭತ್ತದ ಕೊಯ್ಲಿನ ಕಾಲ. ಭತ್ತದ ಮುಳ್ಳು, ಹೊಟ್ಟು ತಾಗಿದ ಕಾರ್ನಿಯಾಕ್ಕೆ ಶಿಲೀಂಧ್ರ ಹತ್ತಿದರೆ ನಟಮೈಸಿನ್ ಹನಿ ಬೇಗ ಶುರುವಾಗಬೇಕು. ತಡವಾದರೆ ಹುಣ್ಣು ತೂತಾಗಬಹುದು, ಆಗ ಹಲವು ಸಲ ಉಳಿಯುವ ದಾರಿ ಕಸಿ. ಮನೆಗಳಿಗೆ ಹೋಗಿ ನೇತ್ರದಾನ ಪಡೆಯುವುದು ಆಗ ನಿಂತುಹೋಗಿತ್ತು. ಸಾಮಾನ್ಯ ದ್ರಾವಣದಲ್ಲಿ ಕಾರ್ನಿಯಾ ನಾಲ್ಕು ದಿನವಷ್ಟೇ ಉಳಿಯುವುದರಿಂದ ದಾಸ್ತಾನೂ ಬೇಗ ಬರಿದಾಯಿತು. ಗ್ಲಿಸರಿನ್‌ನಲ್ಲಿ ಕಾಯ್ದಿಟ್ಟ ಕಾರ್ನಿಯಾಗಳು ಕೆಲಸಕ್ಕೆ ಬಂದವು. ಅವುಗಳಲ್ಲಿ ಜೀವಕೋಶಗಳಿರುವುದಿಲ್ಲ, ತೂತು ಮುಚ್ಚುತ್ತದೆ, ಕಣ್ಣುಗುಡ್ಡೆ ಉಳಿಯುತ್ತದೆ, ಆದರೆ ಮತ್ತೆ ಕಾಣಬೇಕೆಂದರೆ ತಾಜಾ ಕಾರ್ನಿಯಾದಿಂದ ಇನ್ನೊಂದು ಕಸಿ ಆಗಬೇಕು.