ಕಬ್ಬಿನ ರಸದಿಂದ ಓಡಿದ ಕಾರು

ಪೆಟ್ರೋಲಿಯಂ ಮುಗಿದರೆ ಮುಂದೇನು? ಈ ಪ್ರಶ್ನೆಗೆ ಬ್ರೆಜಿಲ್ ದೇಶ ತನ್ನ ರಸ್ತೆಗಳ ಮೇಲೆಯೇ ಉತ್ತರ ಹುಡುಕಿತು.

1973ರ ಅಕ್ಟೋಬರ್‌ನಲ್ಲಿ ಅರಬ್ ರಾಷ್ಟ್ರಗಳು ತೈಲ ಪೂರೈಕೆಗೆ ನಿರ್ಬಂಧ ಹೇರಿದವು. ಕೆಲವೇ ತಿಂಗಳಲ್ಲಿ ಕಚ್ಚಾತೈಲದ ಬೆಲೆ ಬ್ಯಾರೆಲ್‌ಗೆ ಸುಮಾರು 3 ಡಾಲರ್‌ನಿಂದ 12 ಡಾಲರ್‌ಗೆ ಜಿಗಿಯಿತು. ತನಗೆ ಬೇಕಾದ ತೈಲದ ಸುಮಾರು ಶೇ. 80 ಭಾಗವನ್ನು ಆಮದು ಮಾಡಿಕೊಳ್ಳುತ್ತಿದ್ದ ಬ್ರೆಜಿಲ್ ತತ್ತರಿಸಿತು. ಆದರೆ ಅಲ್ಲಿ ಕಬ್ಬು ಯಥೇಚ್ಛವಾಗಿತ್ತು; 1975ರಲ್ಲಿ ಸಕ್ಕರೆಯ ಬೆಲೆಯೂ ಇಳಿಮುಖವಾಗಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ಅಧ್ಯಕ್ಷ ಎರ್ನೆಸ್ಟೊ ಗೈಸೆಲ್ ಅವರ ಸರ್ಕಾರ ‘ಪ್ರೊಆಲ್ಕೂಲ್’ ಎಂಬ ರಾಷ್ಟ್ರೀಯ ಯೋಜನೆಯನ್ನು ಆರಂಭಿಸಿತು.

ಕಬ್ಬಿನ ರಸ ಅಥವಾ ಕಾಕಂಬಿಯನ್ನು ಯೀಸ್ಟ್‌ನಿಂದ ಹುದುಗಿಸಿ ಬಟ್ಟಿ ಇಳಿಸಿದರೆ ಎಥನಾಲ್ ದೊರೆಯುತ್ತದೆ. ಬಾಯ್ಲರಿಗೆ ಕಬ್ಬಿನ ಸಿಪ್ಪೆಯೇ ಉರುವಲು. ಮೊದಲು ಎಥನಾಲನ್ನು ಪೆಟ್ರೋಲಿಗೆ ಬೆರೆಸಲಾಯಿತು. 1979ರಲ್ಲಿ ಪೂರ್ತಿ ಎಥನಾಲ್‌ನಿಂದಲೇ ಓಡುವ ಫಿಯಟ್ 147 ಕಾರು ಮಾರುಕಟ್ಟೆಗೆ ಬಂತು. ಚಳಿಯಲ್ಲಿ ಎಂಜಿನ್ ಚಾಲೂ ಆಗಲು ಅದಕ್ಕೊಂದು ಪುಟ್ಟ ಪೆಟ್ರೋಲ್ ಟ್ಯಾಂಕ್ ಬೇಕಾಗುತ್ತಿತ್ತು. 1980ರ ದಶಕದ ಮಧ್ಯಭಾಗದಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಶೇ. 90ಕ್ಕೂ ಹೆಚ್ಚು ಎಥನಾಲ್ ಕಾರುಗಳೇ!

ಆದರೆ 1986ರಲ್ಲಿ ತೈಲದ ಬೆಲೆ ಕುಸಿಯಿತು. ಸರ್ಕಾರದ ನೆರವು ಕುಗ್ಗಿತು. ಮುಂದೆ ಸಕ್ಕರೆಗೆ ಒಳ್ಳೆಯ ಬೆಲೆ ಬಂದಾಗ ಕಾರ್ಖಾನೆಗಳು ಅತ್ತ ವಾಲಿದವು. 1989-90ರಲ್ಲಿ ಎಥನಾಲ್ ಅಭಾವ ತಲೆದೋರಿ, ಕಾರು ಕೊಂಡವರು ಕಂಗಾಲಾದರು. ಜನರ ನಂಬಿಕೆ ಮರಳಿದ್ದು 2003ರಲ್ಲಿ. ಆಗ ಬಂದ ಹೊಸ ಬಗೆಯ ಕಾರುಗಳಲ್ಲಿ ಪೆಟ್ರೋಲ್, ಎಥನಾಲ್ ಎರಡನ್ನೂ ಯಾವುದೇ ಪ್ರಮಾಣದಲ್ಲಿ ತುಂಬಬಹುದಿತ್ತು.

ಹಾಗಾದರೆ ಎಥನಾಲ್ ತೈಲವನ್ನು ಬದಲಿಸಿತೆ? ಭಾಗಶಃ ಮಾತ್ರ. ಲಾರಿ, ಬಸ್ಸುಗಳಿಗೆ ಡೀಸೆಲ್ ಬೇಕೇ ಬೇಕು. ಕಚ್ಚಾತೈಲವನ್ನು ಸಂಸ್ಕರಿಸುವಾಗ ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಎಲ್ಲವೂ ಒಟ್ಟಿಗೆ ಬರುತ್ತವೆ; ಪೆಟ್ರೋಲನ್ನಷ್ಟೇ ಉಳಿಸಿದರೆ ಆಮದು ಅದೇ ಪ್ರಮಾಣದಲ್ಲಿ ತಗ್ಗದು. 2006ರಲ್ಲಿ ಬ್ರೆಜಿಲ್ ತೈಲ ಸ್ವಾವಲಂಬನೆಯನ್ನು ಘೋಷಿಸಿದಾಗ ಅದರ ಹೆಚ್ಚಿನ ಶ್ರೇಯಸ್ಸು ಸಲ್ಲಬೇಕಾದದ್ದು ಆಳ ಸಮುದ್ರದ ತೈಲಬಾವಿಗಳಿಗೆ!

ಭಾರತದಲ್ಲಿ 2003ರಲ್ಲಿ ಕರ್ನಾಟಕವೂ ಸೇರಿದಂತೆ 9 ರಾಜ್ಯಗಳಲ್ಲಿ ಶೇ. 5 ಎಥನಾಲ್ ಬೆರೆಸುವ ಕಾರ್ಯಕ್ರಮ ಆರಂಭವಾಯಿತು. 2025ರಲ್ಲಿ ಈ ಪ್ರಮಾಣ ಶೇ. 20 ಮುಟ್ಟಿತು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದ್ದರೆ ಎಥನಾಲ್‌ನಲ್ಲಿ ಸುಮಾರು 21. ಹಾಗಿದ್ದರೆ ಎಥನಾಲ್ ಬೆಲೆ ಎಷ್ಟಿದ್ದರೆ ಬಳಕೆದಾರನಿಗೆ ಲಾಭ? ಅದಕ್ಕೆ ಬೇಕಾಗುವ ಕಬ್ಬಿಗೆ ನೀರು, ನೆಲ ಎಷ್ಟು ಬೇಕು? ತರಗತಿಯಲ್ಲಿ ಈ ಲೆಕ್ಕವನ್ನು ವಿದ್ಯಾರ್ಥಿಗಳಿಂದಲೇ ಮಾಡಿಸಬಹುದು. ಬದಲಿ ಇಂಧನದ ಚರ್ಚೆ ಅಲ್ಲಿಂದಲೇ ಶುರುವಾಗಲಿ.