ಮರಗೆಲಸದ ಭಾರಿ ಯಂತ್ರಕ್ಕೆ ಬ್ರೇಕ್ ಇರುವ ಗಾಲಿ ಹಾಕಿಸಿದರೆ ಸಾಕೇ?

ಸಾಕಾಗುವುದಿಲ್ಲ. ಬ್ರೇಕ್ ಒತ್ತಿದರೆ ಗಾಲಿ ಉರುಳುವುದು ನಿಲ್ಲುತ್ತದೆ, ನಿಜ. ಆದರೆ ಸಾಮಾನ್ಯ ಕ್ಯಾಸ್ಟರ್ ಗಾಲಿಯ ಕತ್ತು ಆಗಲೂ ಅತ್ತಿತ್ತ ತಿರುಗಬಲ್ಲದು. ಹಲಗೆಯನ್ನು ಬ್ಲೇಡಿನತ್ತ ಒತ್ತುತ್ತಿರುವಾಗ ಯಂತ್ರ ಅರ್ಧ ಇಂಚು ಜರುಗಿದರೂ ಬೆರಳಿಗೇ ಅಪಾಯ. ಹಾಗಾಗಿ ಪೆಡಲ್ ಒತ್ತಿದಾಗ ಅಥವಾ ಸ್ಕ್ರೂ ತಿರುಗಿಸಿದಾಗ ಗಾಲಿ ಮೇಲೆದ್ದು, ಇಡೀ ಭಾರ ರಬ್ಬರ್ ಪಾದಗಳ ಮೇಲೆ ಕೂರುವಂಥ ಬೇಸ್ ಆರಿಸಿ ಎನ್ನುತ್ತೇವೆ ನಾವು.

ಇನ್ನೊಂದು ತಪ್ಪು ಲೆಕ್ಕದ್ದು. 240 ಕೆಜಿ ಯಂತ್ರಕ್ಕೆ ನಾಲ್ಕು ಗಾಲಿ, ತಲಾ 60 ಕೆಜಿ ಎಂದುಕೊಳ್ಳುತ್ತಾರೆ. ನೆಲ ಏರುತಗ್ಗಾಗಿದ್ದರೆ ಒಂದು ಗಾಲಿ ಭಾರವನ್ನೇ ಹೊರುವುದಿಲ್ಲ. ಆದ್ದರಿಂದ ಮೂರರಿಂದ ಭಾಗಿಸಿ. ಕನಿಷ್ಠ 80 ಕೆಜಿ ತಡೆಯುವ ಗಾಲಿ ಬೇಕು, ಹೆಚ್ಚಿದ್ದಷ್ಟೂ ಒಳ್ಳೆಯದು.

ಚಿಕ್ಕ ಗಾಲಿ ನೆಲದ ಬಿರುಕಿಗೋ ಮರದ ಚೂರಿಗೋ ಸಿಕ್ಕಿ ಗಕ್ಕನೆ ನಿಲ್ಲುತ್ತದೆ. ಬ್ಯಾಂಡ್ ಸಾ ಯಂತ್ರ ಮಗುಚುವ ಭಯ ಇಲ್ಲೇ: ಅದು ಎತ್ತರ, ಬುಡ ಕಿರಿದು. ಅದಕ್ಕೆ ಅಗಲವಾದ ಬೇಸ್ ಹಾಕಿಸಿ. ಜಾಗ ಬದಲಿಸುವಾಗ ಪ್ಲಗ್ ಕಿತ್ತು, ತಲೆಭಾಗ ಹಿಡಿಯದೆ, ಕೆಳಗಿನಿಂದ ನಿಧಾನವಾಗಿ ತಳ್ಳಿ.

ಅಂದಹಾಗೆ, ಯಂತ್ರವನ್ನು ಕದಲಿಸುವ ಅಗತ್ಯವೇ ಇಲ್ಲದಿದ್ದರೆ ಗಾಲಿಯ ಖರ್ಚೇ ದಂಡ. ನೆಲಕ್ಕೆ ಬೋಲ್ಟ್ ಹಾಕಿಸಿಬಿಡಿ.