ದೋರಸಮುದ್ರದ ಅರಸನು ಊರಲ್ಲಿರಲಿಲ್ಲ

ಅರಸೀಕೆರೆಯಲ್ಲಿ ರೈಲು ಬದಲಿಸುವ ನಿಮ್ಮಲ್ಲಿ ಎಷ್ಟು ಮಂದಿ ಆ ಊರಿನ ಈಶ್ವರ ದೇವಾಲಯವನ್ನು ಕಂಡಿದ್ದೀರಿ? 1220ರಲ್ಲಿ ನಿರ್ಮಾಣವಾದ ಅದರ ನಕ್ಷತ್ರಾಕಾರದ ಮಂಟಪದಲ್ಲಿ ಅರ್ಧ ಗಂಟೆ ಕುಳಿತರೆ, ಕಟ್ಟಿದವರಿಗೆ ತಮ್ಮ ರಾಜ್ಯವು ಒಂದು ದಿನ ಇಲ್ಲವಾದೀತೆಂಬ ಅಂಜಿಕೆ ಲವಲೇಶವೂ ಇರಲಿಲ್ಲವೆಂದು ತೋರುತ್ತದೆ. ಸೇವುಣರನ್ನು ಮಣಿಸಿದ ಇಮ್ಮಡಿ ವೀರಬಲ್ಲಾಳನು ಅದೇ ವರ್ಷ ತೀರಿಕೊಂಡನು. ತೊಂಬತ್ತೊಂದು ವರ್ಷಗಳ ಬಳಿಕ, 1311ರಲ್ಲಿ, ಮಲಿಕ್ ಕಾಫರನ ದಿಲ್ಲಿ ಸೇನೆಯು ದೋರಸಮುದ್ರದ, ಎಂದರೆ ಇಂದಿನ ಹಳೇಬೀಡಿನ, ಕೋಟೆಯ ಮುಂದೆ ಬೀಡುಬಿಟ್ಟಿತು.

ಬಲಾಢ್ಯ ರಾಷ್ಟ್ರಗಳು ಏಕೆ ಕುಸಿಯುತ್ತವೆ ಎಂಬುದು ನಮ್ಮ ಕಾಲದ ವಿದ್ವಾಂಸರ ನಡುವಿನ ದೊಡ್ಡ ಚರ್ಚೆ. ಇತಿಹಾಸಕಾರ ಪಾಲ್ ಕೆನಡಿಯವರು 1987ರ ತಮ್ಮ ಗ್ರಂಥದಲ್ಲಿ, ರಾಷ್ಟ್ರವೊಂದು ತನ್ನ ಸಂಪತ್ತು ತಾಳಲಾರದಷ್ಟು ದೂರಕ್ಕೆ ಸೈನ್ಯದ ಹೊಣೆಗಳನ್ನು ಚಾಚಿಕೊಂಡಾಗ ಅವನತಿ ಆರಂಭವಾಗುತ್ತದೆ ಎಂದು ವಾದಿಸಿದರು. ಅಮೆರಿಕದ ಬಗೆಗೆ ಅವರು ವ್ಯಕ್ತಪಡಿಸಿದ ಕಳವಳಕ್ಕೆ ಜೋಸೆಫ್ ನೈ 1990ರಲ್ಲಿ ಪ್ರತಿವಾದ ಹೂಡಿದರು. ಬಲವೆಂದರೆ ಸೈನ್ಯವೊಂದೇ ಅಲ್ಲ, ಇತರರನ್ನು ತನ್ನತ್ತ ಸೆಳೆದುಕೊಳ್ಳುವ ಸಾಮರ್ಥ್ಯವೂ ಹೌದು ಎಂಬುದು ಅವರ ನಿಲುವು. 2021ರಲ್ಲಿ ಅಮೆರಿಕದ ಸೇನೆ ಆಫ್ಘಾನಿಸ್ತಾನದಿಂದ ಹಿಂದೆಗೆದಾಗ ಈ ಚರ್ಚೆ ಮತ್ತೆ ಕಾವೇರಿತು. ಅಷ್ಟು ದೂರ ಹೋಗಬೇಕಾಗಿಲ್ಲ. ಹಾಸನ ಜಿಲ್ಲೆಯಲ್ಲಿಯೇ ಅದನ್ನು ಒರೆಗೆ ಹಚ್ಚಬಹುದು.

1116ರಲ್ಲಿ ವಿಷ್ಣುವರ್ಧನನು ತಲಕಾಡಿನಲ್ಲಿ ಚೋಳರನ್ನು ಸೋಲಿಸಿದನು. ಮರುವರ್ಷವೇ ಬೇಲೂರಿನ ಚೆನ್ನಕೇಶವ ದೇವಾಲಯವು ಪ್ರತಿಷ್ಠೆಯಾಯಿತು. ಒಂದು ಶತಮಾನ ಕಳೆಯುವಷ್ಟರಲ್ಲಿ ಹೊಯ್ಸಳರು ಅದೇ ಚೋಳರ ರಕ್ಷಕರಾದದ್ದು ವಿಚಿತ್ರವೇ ಸರಿ. ಸೆರೆಯಲ್ಲಿದ್ದ ಮೂರನೆಯ ರಾಜರಾಜ ಚೋಳನನ್ನು 1231ರಲ್ಲಿ ಬಿಡಿಸಿದ ಇಮ್ಮಡಿ ನರಸಿಂಹನು 'ಚೋಳರಾಜ್ಯ ಪ್ರತಿಷ್ಠಾಪನಾಚಾರ್ಯ'ನೆನಿಸಿಕೊಂಡನು. ಬಿರುದು ಸೊಗಸಾಗಿದೆ, ಆದರೆ ಬಿರುದಿನ ಬೆನ್ನಿಗೆ ಹೊಣೆಯೂ ಬಂದಿತು. ಅವನ ಮಗ ಸೋಮೇಶ್ವರನು ಶ್ರೀರಂಗದ ಬಳಿಯ ಕಣ್ಣನೂರಿನಲ್ಲಿ ಎರಡನೆಯ ರಾಜಧಾನಿಯನ್ನು ನೆಲೆಗೊಳಿಸಿದನು. ದೋರಸಮುದ್ರದಿಂದ ಅಲ್ಲಿಗೆ ನಾಲ್ಕುನೂರು ಕಿಲೋಮೀಟರಿಗೂ ಮಿಗಿಲು ದಾರಿ. 1254ರ ಹೊತ್ತಿಗೆ ರಾಜ್ಯವೇ ಇಬ್ಬರು ಮಕ್ಕಳಲ್ಲಿ ಪಾಲಾಯಿತು. ಅಣ್ಣತಮ್ಮಂದಿರು ಪರಸ್ಪರ ಕಾದಾಡಿದರು. ಇಲ್ಲಿಯವರೆಗೆ ಕೆನಡಿಯವರ ಮಾತೇ ನಿಜವೆನ್ನಬೇಕು.

ಆದರೆ ಉತ್ತರದ ಗಡಿಯ ಕಥೆಯನ್ನೂ ಕೇಳಿರಿ. ದೇವಗಿರಿಯ ಸೇವುಣರಿಗೂ ಹೊಯ್ಸಳರಿಗೂ ತಲೆಮಾರುಗಳ ವೈರ. 1276ರಲ್ಲಿ ಸೇವುಣ ದಂಡನಾಯಕ ಸಾಳುವ ತಿಕ್ಕಮನು ಹಳೇಬೀಡಿಗೆ ಸಮೀಪದ ಬೆಳವಾಡಿಯವರೆಗೂ ನುಗ್ಗಿಬಂದು ಸೋತು ಹಿಂದಿರುಗಿದನು. ಇಪ್ಪತ್ತು ವರ್ಷಗಳಾದ ಮೇಲೆ, 1296ರಲ್ಲಿ, ದಿಲ್ಲಿಯ ಅಲ್ಲಾವುದ್ದೀನನು ಅದೇ ದೇವಗಿರಿಯನ್ನು ಸೂರೆಗೈದನು. 1307ರಲ್ಲಿ ಅದು ಪುನಃ ಮಣಿಯಿತು. 1310ರಲ್ಲಿ ಕಾಕತೀಯರ ಓರಂಗಲ್ಲೂ ಕಪ್ಪ ತೆತ್ತಿತು. ಇಂತಹ ಎಚ್ಚರಿಕೆಗಳು ಹದಿನಾಲ್ಕು ವರ್ಷಗಳಲ್ಲಿ ಮೂರು ಬಾರಿ ಬಂದಿದ್ದರೂ 1311ರಲ್ಲಿ ಮುಮ್ಮಡಿ ವೀರಬಲ್ಲಾಳನು ರಾಜಧಾನಿಯಲ್ಲಿರಲಿಲ್ಲ! ಪಾಂಡ್ಯ ಸಿಂಹಾಸನಕ್ಕಾಗಿ ಸೋದರರಿಬ್ಬರು ಹೋರಾಡುತ್ತಿದ್ದ ತಮಿಳುನಾಡಿಗೆ ಲಾಭವರಸಿ ತೆರಳಿದ್ದನು. ಅತ್ತ, ಸೋತು ದಿಲ್ಲಿಗೆ ಅಧೀನನಾಗಿದ್ದ ಸೇವುಣ ರಾಮಚಂದ್ರನು ಕಾಫರನ ಸೇನೆಗೆ ದಾರಿಯನ್ನೂ ಸಾಮಗ್ರಿಯನ್ನೂ ಒದಗಿಸಿದನು. ಧಾವಿಸಿ ಹಿಂದಿರುಗಿದ ಬಲ್ಲಾಳನು ಸಂಪತ್ತನ್ನು ಒಪ್ಪಿಸಿ ಶರಣಾಗಬೇಕಾಯಿತು. ಅಷ್ಟೇ ಅಲ್ಲ, ಅದೇ ಸೇನೆಗೆ ಪಾಂಡ್ಯ ದೇಶದ ದಾರಿ ತೋರಿಸಬೇಕಾದವನೂ ಅವನೇ. ಅವನ ಮಗನು ದಿಲ್ಲಿಗೆ ಹೋಗಿ 1313ರಲ್ಲಷ್ಟೇ ಮರಳಿದನು.

ನೆರೆಯವರೆಲ್ಲ ಒಂದಾಗಿದ್ದರೆ ದಿಲ್ಲಿಯನ್ನು ತಡೆಯುತ್ತಿದ್ದರೆಂದು ನಾನು ಹೇಳಲಾರೆ. ಆ ಅಶ್ವಬಲ ಸಾಮಾನ್ಯದ್ದಲ್ಲ. ಇದನ್ನು ಕೇವಲ ಎರಡು ಮತಗಳ ಸಮರವೆಂದು ಓದುವವರೊಡನೆಯೂ ನನ್ನ ಸಹಮತವಿಲ್ಲ. ಹೊಯ್ಸಳರಿಗೆ ಸೈನ್ಯದ ಕೊರತೆಯಿರಲಿಲ್ಲ, ಶೌರ್ಯದ ಕೊರತೆಯಂತೂ ಇರಲೇ ಇಲ್ಲ. ಅರಸನು ತೀರಿದಾಗ ಪತ್ನಿಯೊಡನೆಯೂ ಸಹಚರರೊಡನೆಯೂ ಪ್ರಾಣವನ್ನರ್ಪಿಸಿದ ಕುವರ ಲಕ್ಷ್ಮನ ಗರುಡಗಂಬವು ಹಳೇಬೀಡಿನಲ್ಲಿ ಇಂದಿಗೂ ನಿಂತಿದೆ. ಸ್ವಾಮಿಗಾಗಿ ಸಾಯಬಲ್ಲವರು ಬೇಕಾದಷ್ಟು ಮಂದಿ ಇದ್ದರು. ಗಡಿಯಾಚೆ ನಂಬಬಹುದಾದ ಒಬ್ಬ ನೆರೆಯವನಿರಲಿಲ್ಲ. ಭದ್ರತೆಯೆಂದರೆ ನೆರೆಯವನನ್ನು ದುರ್ಬಲಗೊಳಿಸುವುದೆಂದೇ ದಕ್ಷಿಣದ ನಾಲ್ಕೂ ರಾಜಮನೆತನಗಳು ಭಾವಿಸಿದ್ದವು. ನೈ ಅವರ ಮಾತಿಗೆ ಹೆಚ್ಚು ತೂಕವಿದೆಯೆಂದು ನನಗೆ ಅನ್ನಿಸುವುದು ಇಲ್ಲಿಯೇ.

ಬಲ್ಲಾಳನ ಮುಂದಿನ ಬದುಕನ್ನು ಮರೆಯುವುದು ಮಾತ್ರ ಅನ್ಯಾಯ. 1327ರಲ್ಲಿ ತುಘಲಕನ ಸೇನೆಯು ದೋರಸಮುದ್ರವನ್ನು ಮತ್ತೆ ಹಾಳುಗೆಡವಿದ ಮೇಲೂ ಅವನು ಎದೆಗುಂದದೆ ತಿರುವಣ್ಣಾಮಲೈಯಲ್ಲಿ ನೆಲೆನಿಂತು, ಮಧುರೆಯ ಸುಲ್ತಾನರೊಡನೆ ಹೋರಾಡಿದನು. ಕೊನೆಯ ಮುತ್ತಿಗೆಯ ವೃತ್ತಾಂತವನ್ನು ಇಬ್ನ್ ಬತೂತ ಬರೆದಿಟ್ಟಿದ್ದಾನೆ. ಕೋಟೆಯೊಳಗಿನವರು ಮಧುರೆಯ ಅಪ್ಪಣೆ ತರಿಸಿಕೊಳ್ಳಲು ಹದಿನಾಲ್ಕು ದಿನಗಳ ಅವಧಿ ಬೇಡಿದರು. ಅರಸನು ಅವರನ್ನು ನಂಬಿ ಕೊಟ್ಟನು. ಆ ಅವಧಿಯಲ್ಲಿಯೇ ಮಧುರೆಯ ಪಡೆಯು ಅನಿರೀಕ್ಷಿತವಾಗಿ ಅವನ ಪಾಳೆಯದ ಮೇಲೆರಗಿತು. ಎಂಬತ್ತು ವರ್ಷದ ಬಲ್ಲಾಳನು ಸೆರೆಸಿಕ್ಕಿ ಹತನಾದನು. ಅದು 1342ನೆಯ ಇಸವಿ. ಕೋಟೆ, ಅವನ ಪೂರ್ವಜ ಸೋಮೇಶ್ವರನು ರಾಜಧಾನಿ ಮಾಡಿಕೊಂಡಿದ್ದ ಅದೇ ಕಣ್ಣನೂರು.